ನಳದ ನೀರಿನ ಆಚೆ: ದಾವಣಗೆರೆ–ಹರಿಹರದಲ್ಲಿ ವೈರಾಣು ವಾಂತಿ-ಭೇದಿ ಹರಡುವ ದಾರಿಗಳು

ಓಣಿಯಲ್ಲಿ ವಾಂತಿ-ಭೇದಿ ಕಾಣಿಸಿಕೊಂಡರೆ ಮೊದಲು ಅನುಮಾನ ಬೀಳುವುದು ನಳದ ಮೇಲೆ. ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಅದು ಅಕಾರಣವಲ್ಲ. ತುಂಗೆ ಶಿವಮೊಗ್ಗವನ್ನು, ಭದ್ರೆ ಭದ್ರಾವತಿಯನ್ನು ದಾಟಿ ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ ಹಾಯ್ದು ಹರಿಹರಕ್ಕೆ ಬರುವ ಹೊತ್ತಿಗೆ ಮೇಲಿನ ಊರುಗಳ ಕೊಳಚೆಯೂ ಜೊತೆಗಿರುತ್ತದೆ. ದಾವಣಗೆರೆಗೆ ನೀರೆತ್ತುವ ರಾಜನಹಳ್ಳಿಯೂ ಇದೇ ಹೊಳೆಯ ದಂಡೆಯಲ್ಲಿದೆ. ಶುದ್ಧೀಕರಿಸಿದ ನೀರಿಗೂ ಕೊನೆಯ ನೂರು ಮಾರಿನಲ್ಲಿ ಅಪಾಯ ಕಾದಿರುತ್ತದೆ. ಸರದಿಯ ಮೇಲೆ ನೀರು ಬಿಡುವ ಕಡೆ, ನೀರು ನಿಂತ ಮೇಲೆ ಪೈಪಿನೊಳಗಿನ ಒತ್ತಡ ಕುಸಿದು, ಚರಂಡಿ ದಾಟುವ ಸೀಳುಪೈಪು ಹೊರಗಿನ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ನಳಕ್ಕೇ ಮೋಟಾರು ಹಚ್ಚುವ ಮನೆಗಳು ಈ ಎಳೆತವನ್ನು ಇನ್ನಷ್ಟು ಬಲಪಡಿಸುತ್ತವೆ. 2023ರಲ್ಲಿ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಹಲವರ ಜೀವ ತೆಗೆದ ನೆನಪು ಇನ್ನೂ ಹಸಿಯಾಗಿದೆ.

ಆದರೂ ವೈರಾಣುವಿನಿಂದ ಬರುವ ವಾಂತಿ-ಭೇದಿಯನ್ನು ಪೈಪಿನ ಕಥೆಯಿಂದಷ್ಟೇ ವಿವರಿಸಲಾಗದು ಎಂಬುದು ಈ ಲೇಖನದ ವಾದ. ಇದಕ್ಕೆ ಬಲವಾದ ಆಧಾರ ಹುಬ್ಬಳ್ಳಿ-ಧಾರವಾಡದಲ್ಲಿದೆ. ಅಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರುತ್ತಿದ್ದಾಗ ಉಳಿದವು ಸರದಿಗಾಗಿ ಕಾಯುತ್ತಿದ್ದವು. 2010–12ರಲ್ಲಿ ಐದು ವರ್ಷದೊಳಗಿನ ಮಕ್ಕಳಿರುವ 3,922 ಮನೆಗಳನ್ನು ಹೋಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನಿರಂತರ ನೀರಿದ್ದ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ನಿರಂತರ ನೀರಿನ ವಾರ್ಡುಗಳಲ್ಲಿ ಟೈಫಾಯ್ಡ್ ಕೂಡ ಕಡಿಮೆಯಿತ್ತು. ಆದರೆ ಮಕ್ಕಳ ಒಟ್ಟಾರೆ ಭೇದಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶವನ್ನು ನಾನು ಹೀಗೆ ಓದುತ್ತೇನೆ: ನೀರು ಸುಧಾರಿಸಿದಾಗ ಬ್ಯಾಕ್ಟೀರಿಯಾದ ಪಾಲು ಕುಗ್ಗಿತು, ನೀರುಭೇದಿಯ ದೊಡ್ಡ ಪಾಲಿಗೆ ಕಾರಣವಾಗುವ ವೈರಾಣುಗಳಿಗೆ ಬೇರೆ ದಾರಿಗಳು ತೆರೆದೇ ಇದ್ದವು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ಬಂದ ಜಲಸಿರಿ ಎಂಬ ನಿರಂತರ ನೀರಿನ ಯೋಜನೆಯಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದಕ್ಕೂ ಇದೇ ಅಳತೆಗೋಲು.

ಆ ದಾರಿಗಳು ಯಾವುವು? ಈ ವೈರಾಣುಗಳಲ್ಲೊಂದಾದ ನೊರೊವೈರಸ್‌ನ ಸೋಂಕಿಗೆ ಹತ್ತಾರು ಕಣಗಳೇ ಸಾಕು. ವಾಂತಿಯ ತುಂತುರು, ಅದನ್ನು ಒರೆಸಿದ ಬಟ್ಟೆ, ತೊಳೆಯದ ಕೈ, ಇಷ್ಟರಿಂದಲೇ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತದೆ. ರೋಗಿ ಗುಣವಾದ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಮಲದಲ್ಲಿ ವೈರಾಣು ಹೋಗುತ್ತಲೇ ಇರುತ್ತದೆ. ಮದುವೆ ಮನೆಯಲ್ಲಿ ನೂರಾರು ಎಲೆಗೆ ಬಡಿಸುವವನು ಮೊನ್ನೆ ಹಾಸಿಗೆ ಹಿಡಿದಿದ್ದನೇ ಎಂದು ಯಾರೂ ಕೇಳುವುದಿಲ್ಲ. ಕಾದ ಕಾವಲಿಯ ಬೆಣ್ಣೆ ದೋಸೆಯಲ್ಲಿ ವೈರಾಣು ಉಳಿಯುವುದು ಕಷ್ಟ. ಮಂಡಕ್ಕಿಗೆ ಕೈಯಿಂದಲೇ ಕಲಸುವ ಹಸಿ ಈರುಳ್ಳಿ-ಕೊತ್ತಂಬರಿಗೆ ಆ ರಕ್ಷಣೆ ಇಲ್ಲ. ಕೊರೊನಾ ಕಾಲದಲ್ಲಿ ರೂಢಿಯಾದ ಸ್ಯಾನಿಟೈಸರ್ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು. ಕೈಗೆ ಸೋಪು-ನೀರು, ವಾಂತಿ ಬಿದ್ದ ನೆಲಕ್ಕೆ ಬ್ಲೀಚಿಂಗ್ ದ್ರಾವಣವೇ ಬೇಕು.

ನೀರಿನ ಪರೀಕ್ಷೆಯಲ್ಲೂ ಒಂದು ಕುರುಡುತನವಿದೆ. ಕೋಲಿಫಾರಂ ಇಲ್ಲವೆಂಬ ವರದಿ ಬಂದರೆ ಎಲ್ಲರೂ ನಿಟ್ಟುಸಿರುಬಿಡುತ್ತಾರೆ. ಕೋಲಿಫಾರಂ ಕ್ಲೋರಿನ್‌ಗೆ ಬೇಗ ಸಾಯುವ ಬ್ಯಾಕ್ಟೀರಿಯಾ ಗುಂಪು. ಅದು ಸತ್ತ ನೀರಿನಲ್ಲಿ ವೈರಾಣು ಬದುಕಿರಬಹುದು. ಕುಡಿಯುವ ನೀರಿನ ಭಾರತೀಯ ಮಾನಕ 10500 ಈ ಅಂತರವನ್ನು ಗುರುತಿಸಿದೆ: ಉಳಿಕೆ ಕ್ಲೋರಿನ್ ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ, ವೈರಾಣುವಿನಿಂದ ರಕ್ಷಣೆ ಬೇಕಾದಾಗ 0.5. ಈ ಎರಡನೆಯ ಅಂಕಿ ಚರ್ಚೆಗೆ ಬರುವುದು ಅಪರೂಪ.

ಮಕ್ಕಳಲ್ಲಿ ಭೇದಿ ತರುವ ಇನ್ನೊಂದು ವೈರಾಣುವಾದ ರೋಟಾವೈರಸ್‌ನ ಮಾತು ಬೇರೆ. ಅದನ್ನು ಎದುರಿಸಲು ಲಸಿಕೆಯಿದೆ, ಆ ಲಸಿಕೆಯ ಚರಿತ್ರೆಯಲ್ಲಿ ಕರ್ನಾಟಕದ ಪಾತ್ರವೂ ಇದೆ. ಬೆಂಗಳೂರಿನ ನವಜಾತ ಶಿಶುಗಳಲ್ಲಿ ರೋಗಲಕ್ಷಣವಿಲ್ಲದೆ ನೆಲೆಸಿದ್ದ ಐ321 ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದರು. ಲಸಿಕೆಯಾಗಬಹುದೆಂದು ಶಿಶುಗಳಲ್ಲಿ ಅದರ ಪರೀಕ್ಷೆಯೂ ನಡೆಯಿತು. ಕೊನೆಗೆ ಗೆದ್ದದ್ದು ದೆಹಲಿಯ 116ಇ ತಳಿ. ಅದರಿಂದಾದ ರೋಟಾವ್ಯಾಕ್‌ಗೆ 2014ರಲ್ಲಿ ಪರವಾನಗಿ ಸಿಕ್ಕಿತು. ಇಂದು ರೋಟಾವೈರಸ್ ಲಸಿಕೆಯನ್ನು ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 6, 10, 14ನೇ ವಾರಗಳಲ್ಲಿ ಬಾಯಿಗೆ ಹಾಕುತ್ತಾರೆ. ನೊರೊವೈರಸ್‌ಗೆ ಅಂಥ ಯಾವ ಲಸಿಕೆಯೂ ಬಳಕೆಯಲ್ಲಿಲ್ಲ.

ಇಷ್ಟಿದ್ದೂ ರೋಗಕಣ್ಗಾವಲಿನ ದಾಖಲೆಗಳಲ್ಲಿ ಇವೆಲ್ಲ 'ತೀವ್ರ ಭೇದಿ' ಎಂಬ ಒಂದೇ ತಲೆಬರಹದಡಿ ಸೇರಿಹೋಗುತ್ತವೆ. ಬ್ಯಾಕ್ಟೀರಿಯಾ ಹುಡುಕಲು ತೆಗೆದ ಹತ್ತಿಕಡ್ಡಿಯ ಮಾದರಿಯಿಂದ ವೈರಾಣು ಪತ್ತೆ ಸುಲಭವಲ್ಲ. ಮೊದಲ ಒಂದೆರಡು ದಿನಗಳಲ್ಲೇ ಡಬ್ಬಿಯಲ್ಲಿ ಮಲ ಸಂಗ್ರಹಿಸಿ ತಂಪಿನಲ್ಲಿಟ್ಟು ಪಿಸಿಆರ್‌ಗೆ ಕಳಿಸಬೇಕು. ಪ್ರಯೋಗಾಲಯದ ಪತ್ತೆ ಆಗದ ಕಡೆ ನೊರೊವೈರಸ್ ಹಾವಳಿಯನ್ನು ಗುರುತಿಸಲು 1982ರಲ್ಲಿ ಸಂಶೋಧಕ ಕಪ್ಲಾನ್ ಮತ್ತು ಸಂಗಡಿಗರು ನಾಲ್ಕು ಗುರುತು ಕೊಟ್ಟಿದ್ದಾರೆ: ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ವಾಂತಿ, ಸೋಂಕು ತಗುಲಿ 24ರಿಂದ 48 ತಾಸಿಗೆ ಲಕ್ಷಣ, 12ರಿಂದ 60 ತಾಸಿನಲ್ಲಿ ಶಮನ, ಮಲದಲ್ಲಿ ರೋಗಕಾರಕ ಬ್ಯಾಕ್ಟೀರಿಯಾ ಇಲ್ಲದಿರುವುದು. ಇವುಗಳಲ್ಲಿ ಮೊದಲ ಮೂರಕ್ಕೆ ಪ್ರಯೋಗಾಲಯ ಬೇಡ. ಹರಿಹರದ ಓಣಿಯಲ್ಲಿ ಓಆರ್‌ಎಸ್ ಪೊಟ್ಟಣ ಹಂಚುತ್ತ ಹೋಗುವ ಆಶಾ ಕಾರ್ಯಕರ್ತೆ ಹೊಸ್ತಿಲಲ್ಲೇ ನಿಂತು ಕೇಳಬಹುದು: ನಿಮ್ಮಲ್ಲಿ ಎಷ್ಟು ಮಂದಿಗೆ ವಾಂತಿಯಾಯಿತು? ಮೊನ್ನೆ ಎಲ್ಲಿ ಊಟ ಮಾಡಿದಿರಿ? ಎಷ್ಟು ಹೊತ್ತಿಗೆ ಸುಧಾರಿಸಿತು?