ಮನೆಯೊಳಗಿನ ಕ್ಯಾಮೆರಾಸಹಿತ ಮನರಂಜನಾ ಸಾಧನಗಳು ಮತ್ತು ಖಾಸಗಿತನ

ಸ್ಮಾರ್ಟ್ ಟಿವಿ, ವಿಡಿಯೊ ಆಟದ ಯಂತ್ರ, ಪರದೆಯುಳ್ಳ ಸ್ಮಾರ್ಟ್ ಸ್ಪೀಕರ್ ಮೊದಲಾದವುಗಳಲ್ಲಿ ಕೆಲವು ಸಾಧನಗಳು ಕ್ಯಾಮೆರಾ ಹಾಗೂ ಮೈಕ್ರೊಫೋನ್‌ಗಳನ್ನು ಹೊಂದಿದ್ದು, ಅಂತರ್ಜಾಲದ ಮೂಲಕ ಕಂಪನಿಯ ಸರ್ವರ್‌ಗಳಿಗೆ, ಅಂದರೆ ಮಾಹಿತಿಯನ್ನು ಕೂಡಿಡುವ ದೂರದ ಗಣಕಗಳಿಗೆ, ಜೋಡಣೆಗೊಂಡಿರುವುದರಿಂದ ಮನೆಯ ಖಾಸಗಿತನದ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗಿದೆ. ಹಳೆಯ ಟಿವಿಯನ್ನು ಮನೆಯವರು ನೋಡುತ್ತಿದ್ದರಷ್ಟೆ. ಇಂಥ ಸಾಧನಗಳು ಮನೆಯವರನ್ನೂ ನೋಡಬಲ್ಲವು. ಒಪ್ಪಿಗೆ ಕೊಡುವವರು ಒಬ್ಬರು, ಕ್ಯಾಮೆರಾದ ಕಣ್ಣಿಗೆ ಬೀಳುವವರು ಎಲ್ಲರೂ ಎಂಬುದೇ ಈ ಸಮಸ್ಯೆಯ ತಿರುಳು.

ಬೆಳವಣಿಗೆ

ಸೋನಿ ಕಂಪನಿಯು 2003ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಹೊರತಂದ ಐಟಾಯ್, ಆಟಗಾರನ ಚಲನೆಯನ್ನು ಟಿವಿಯ ಪರದೆಗೆ ತರುವ ಸರಳ ಕ್ಯಾಮೆರಾ ಆಗಿತ್ತು. ಮೈಕ್ರೋಸಾಫ್ಟ್ 2010ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಕಿನೆಕ್ಟ್, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಂದ ಕೋಣೆಯ ಆಳವನ್ನು ಅಳೆದು ಮೈಕೈ ಚಲನೆಯನ್ನು ಗುರುತಿಸುತ್ತಿತ್ತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಪರಿಚಯಿಸಿದಾಗ ಕಿನೆಕ್ಟ್ ಜೋಡಿಸದೆ ಅದು ನಡೆಯುವುದಿಲ್ಲವೆಂದೂ, ಯಂತ್ರ ಆರಿರುವಾಗಲೂ ಕರೆಗಾಗಿ ಕಿವಿಗೊಟ್ಟಿರುತ್ತದೆಂದೂ ಕಂಪನಿ ತಿಳಿಸಿದ್ದರಿಂದ ಹಲವು ದೇಶಗಳಲ್ಲಿ ತೀವ್ರ ಆಕ್ಷೇಪ ಎದ್ದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆ ಕಡ್ಡಾಯವನ್ನು ಕೈಬಿಟ್ಟ ಕಂಪನಿ, 2014ರ ಜೂನ್‌ನಿಂದ ಕಿನೆಕ್ಟ್ ಇಲ್ಲದ ಯಂತ್ರವನ್ನೂ ಮಾರತೊಡಗಿತು. 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು. ಕೊಳ್ಳುವವರು ಒಟ್ಟಾಗಿ ಬೇಡವೆಂದರೆ ಸಾಧನದ ವಿನ್ಯಾಸ ಬದಲಾಗಬಲ್ಲದು ಎಂಬುದಕ್ಕೆ ಇದು ಮುಖ್ಯ ನಿದರ್ಶನ.

ಅಪಾಯದ ಬಗೆಗಳು

ಅಪಾಯಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು, ಕಂಪನಿಯೇ ವ್ಯಾಪಾರಕ್ಕಾಗಿ ಮಾಹಿತಿ ಸಂಗ್ರಹಿಸುವುದು. ಪರದೆಯ ಮೇಲಿನ ದೃಶ್ಯದ ತುಣುಕುಗಳನ್ನು ಹೋಲಿಸಿ ಮನೆಯವರು ಏನು ನೋಡುತ್ತಿದ್ದಾರೆಂದು ಟಿವಿಯೇ ಪತ್ತೆಹಚ್ಚುವ ತಂತ್ರ ಇದಕ್ಕೆ ಬಳಕೆಯಾಗುತ್ತದೆ. ಸುಮಾರು 1.1 ಕೋಟಿ ಟಿವಿಗಳಿಂದ ಹೀಗೆ ಮಾಹಿತಿ ಪಡೆದ ಆರೋಪದ ಮೇಲೆ ವಿಜಿಯೊ ಕಂಪನಿ 2017ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ತೆರಲು ಒಪ್ಪಿತು. ಇಲ್ಲಿ ಕ್ಯಾಮೆರಾದ ಪಾತ್ರವೇ ಇರಲಿಲ್ಲವಾದ್ದರಿಂದ, ಕ್ಯಾಮೆರಾ ಮುಚ್ಚಿದ ಮಾತ್ರಕ್ಕೆ ಎಲ್ಲ ನಿಗಾ ನಿಂತುಹೋಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು, ಹೊರಗಿನವರು ಸಾಧನದೊಳಗೆ ನುಸುಳುವುದು. 2017ರ ಮಾರ್ಚ್‌ನಲ್ಲಿ ವಿಕಿಲೀಕ್ಸ್ ಪ್ರಕಟಿಸಿದ ದಾಖಲೆಗಳು, ಸ್ಯಾಮ್‌ಸಂಗ್‌ನ ಕೆಲವು ಟಿವಿಗಳು ಆರಿದಂತೆ ತೋರುತ್ತಲೇ ಕೋಣೆಯ ಮಾತನ್ನು ಮುದ್ರಿಸಿಕೊಳ್ಳುವಂತೆ ಮಾಡುವ ತಂತ್ರವೊಂದನ್ನು ವಿವರಿಸಿದ್ದವು. ಕ್ಯಾಮೆರಾ ಪಕ್ಕದ ಸೂಚಕ ದೀಪವನ್ನೂ ಪೂರ್ತಿ ನಂಬುವಂತಿಲ್ಲ. ಹಳೆಯ ಕೆಲವು ಆ್ಯಪಲ್ ಲ್ಯಾಪ್‌ಟಾಪ್‌ಗಳಲ್ಲಿ ದೀಪ ಹೊತ್ತದಂತೆಯೇ ಕ್ಯಾಮೆರಾ ನಡೆಸಬಹುದೆಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿಕೊಟ್ಟರು.

ಮನೆಯ ರಚನೆ ಮತ್ತು ಒಪ್ಪಿಗೆ

ಈ ಅಪಾಯದ ತೂಕ ಮನೆಯ ರಚನೆಯನ್ನು ಅವಲಂಬಿಸಿದೆ. ಕಲಬುರಗಿ ನಗರ, ಅದರ ಅಂಚಿನ ಕುಸನೂರ ಮತ್ತು ಜಿಲ್ಲೆಯ ಕಮಲಾಪುರದಂಥ ಊರುಗಳ ಅನೇಕ ಸಣ್ಣ ಮನೆಗಳಲ್ಲಿ ಟಿವಿ ಇರುವುದು ಪಡಸಾಲೆಯಲ್ಲಿ. ಬಂದವರಿಗೆ ಚಹಾ ಕೊಡುವುದು, ಮಕ್ಕಳು ಓದುವುದು, ಬಾಣಂತಿ ಕೂಸಿಗೆ ಹಾಲೂಡಿಸುವುದು, ರಾತ್ರಿ ಹಾಸಿಗೆ ಬಿಡಿಸುವುದು ಎಲ್ಲವೂ ಅಲ್ಲಿಯೇ. ಪ್ರತ್ಯೇಕ ಮಲಗುವ ಕೋಣೆಗಳಿರುವ ಮನೆಯಲ್ಲಿ ಗೋಡೆಯೇ ಕೊಡುವ ಮರೆ ಇಲ್ಲಿ ಸಿಗುವುದಿಲ್ಲವಾದ್ದರಿಂದ, ಟಿವಿಯ ಮೇಲಿನ ಒಂದು ಕ್ಯಾಮೆರಾಕ್ಕೆ ಸಂಸಾರದ ಇಡೀ ದಿನ ಕಾಣಿಸುತ್ತದೆ. ಒಪ್ಪಿಗೆಯ ಹೊತ್ತಾದರೋ ಬಹಳ ಚಿಕ್ಕದು. ಹೊಸ ಟಿವಿಯನ್ನು ಗೋಡೆಗೆ ಕೂಡಿಸಲು ಅಂಗಡಿಯಿಂದ ಬಂದ ಕೆಲಸಗಾರನೇ ಇಂಗ್ಲಿಷ್‌ನಲ್ಲಿ ಮೂಡುವ ಷರತ್ತುಗಳಿಗೆ ಒಂದಾದ ಮೇಲೊಂದರಂತೆ ರಿಮೋಟ್‌ನ ಗುಂಡಿ ಒತ್ತಿ ಮುಗಿಸಿದರೆ, ಅಜ್ಜಿ, ಸೊಸೆ, ಮಕ್ಕಳು, ನೆಂಟರು ಯಾರಿಗೂ ತಾವು ಯಾವುದಕ್ಕೆ ಒಳಪಟ್ಟೆವೆಂಬುದು ತಿಳಿಯದೆ ಉಳಿಯುತ್ತದೆ. ಇದನ್ನು ನಿಜವಾದ ಒಪ್ಪಿಗೆ ಎನ್ನಲಾಗದು.

ಕಾನೂನು

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸ್ಥಿರಪಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು, 1954 ಮತ್ತು 1962ರ ತೀರ್ಪುಗಳಲ್ಲಿದ್ದ ವ್ಯತಿರಿಕ್ತ ನಿಲುವನ್ನು ತಳ್ಳಿಹಾಕಿ, ಸಂವಿಧಾನದ 21ನೆಯ ವಿಧಿಯಲ್ಲಿನ ಜೀವಿಸುವ ಹಕ್ಕಿನಲ್ಲೇ ಖಾಸಗಿತನವೂ ಅಡಕವಾಗಿದೆ ಎಂದು ಒಮ್ಮತದಿಂದ ಸಾರಿತು.

ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಅಥವಾ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಅಪರಾಧವಾಗಿದ್ದು, ಮೂರು ವರ್ಷದವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಹಿಳೆಯನ್ನು ಆಕೆಯ ಖಾಸಗಿ ಸಮಯದಲ್ಲಿ ಕದ್ದು ನೋಡುವುದು ಹಾಗೂ ಚಿತ್ರೀಕರಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿಗೆ ಒಳಪಡುತ್ತದೆ.

ಕಂಪನಿಗಳ ಹೊಣೆಯನ್ನು ನಿಗದಿಪಡಿಸುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಕಂಪನಿಗಳ ಪ್ರಮುಖ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ನೀಡಲಾಗಿದೆ. 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆಯನ್ನು ಬಳಕೆದಾರರಿಗೆ ಕೊಡಬೇಕು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಆದರೆ ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಬಳಕೆಗಾಗಿ ಮಾಹಿತಿ ಬಳಸಿದರೆ ಈ ಕಾಯ್ದೆ ಅನ್ವಯವಾಗುವುದಿಲ್ಲ. ಹೀಗಾಗಿ ಮನೆಯ ಯಜಮಾನನೇ ಇಟ್ಟ ಕ್ಯಾಮೆರಾದ ಎದುರು ಮನೆಯ ಉಳಿದವರಿಗೂ ಬಾಡಿಗೆದಾರರಿಗೂ ಇದರಿಂದ ಸಿಗುವ ಆಸರೆ ಕಡಿಮೆ. ಅವರು ಮೇಲಿನ ಅಪರಾಧ ಕಲಮುಗಳನ್ನೇ ನೆಚ್ಚಬೇಕಾಗುತ್ತದೆ.

ರಕ್ಷಣಾ ಕ್ರಮಗಳು

ಮಸೂರಕ್ಕೆ ಸರಿಯುವ ಮುಚ್ಚಳವಿರುವ ಅಥವಾ ಕ್ಯಾಮೆರಾವನ್ನೇ ಕಳಚಿಡಬಹುದಾದ ಸಾಧನಗಳನ್ನು ಆರಿಸುವುದು ಎಲ್ಲಕ್ಕಿಂತ ಭರವಸೆಯ ಕ್ರಮ, ಏಕೆಂದರೆ ಯಾವ ತಂತ್ರಾಂಶವೂ ಮುಚ್ಚಿದ ಮಸೂರದಾಚೆ ನೋಡಲಾರದು. ಮುಚ್ಚಳವಿಲ್ಲದಿದ್ದರೆ ಕಪ್ಪು ಟೇಪು ಸಾಕು; ಅಮೆರಿಕದ ಎಫ್‌ಬಿಐ ಕಚೇರಿಯೊಂದು ಕೂಡ 2019ರಲ್ಲಿ ಟಿವಿ ಕೊಳ್ಳುವವರಿಗೆ ಇದನ್ನೇ ಸೂಚಿಸಿತ್ತು. ಟೇಪಿನಿಂದ ಮೈಕ್ರೊಫೋನ್ ಸುಮ್ಮನಾಗುವುದಿಲ್ಲವಾದ್ದರಿಂದ ಅದನ್ನು ಸೆಟ್ಟಿಂಗ್‌ನಲ್ಲಿ ಬೇರೆಯಾಗಿ ನಿಲ್ಲಿಸಬೇಕು, ಬಳಸದಿರುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು. ವೈಫೈ ರೂಟರ್‌ನ ಮೊದಲ ಪಾಸ್‌ವರ್ಡ್ ಬದಲಿಸುವುದು, ಸಾಧನದ ತಂತ್ರಾಂಶವನ್ನು ನವೀಕರಿಸುತ್ತಿರುವುದು, ಹಳೆಯದನ್ನು ಮಾರುವ ಮೊದಲು ಅದರಲ್ಲಿನ ಖಾತೆಗಳನ್ನು ಅಳಿಸುವುದು ಉಳಿದ ಅಗತ್ಯಗಳು. ಚಿತ್ರ ಸೋರಿದೆಯೆಂಬ ಅನುಮಾನ ಬಂದರೆ ಸಾಧನದಲ್ಲಿರುವುದನ್ನು ಅಳಿಸದೆ ಸಾಕ್ಷ್ಯವಾಗಿ ಕಾಯ್ದಿರಿಸಿ, ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಾಗಲಿ ದೂರು ಕೊಡಬಹುದು.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು, ಕ್ಯಾಮೆರಾ ಇರುವ ಸಾಧನವನ್ನು ಪಡಸಾಲೆಗೆ ತರುವ ನಿರ್ಧಾರದಲ್ಲಿ ಅಲ್ಲಿ ಬಾಳುವ ಹೆಂಗಸರು, ಹಿರಿಯರು, ಮಕ್ಕಳೆಲ್ಲರ ಮಾತಿಗೂ ಬೆಲೆ ಕೊಡುವುದು; ಮನೆಯೊಳಗಿನ ಈ ಒಪ್ಪಿಗೆಯ ಹೊಣೆಯನ್ನು ಯಾವ ಕಾಯ್ದೆಯೂ ಕುಟುಂಬದ ಪರವಾಗಿ ಹೊರಲಾರದು.