ಗಂಟೆ ಬಡುದತ್ತು, ಆರೂ ಬಯಿಂದವಿಲ್ಲೆ

ಮನೆಲಿ ಒಬ್ಬಳೇ ಇಪ್ಪ ಇರುಳು ಕೆಮಿ ಎಷ್ಟು ಚುರ್ಕು ಆವುತ್ತು ಹೇಳಿ ಹೆಮ್ಮಕ್ಕೊಗೆ ಆರೂ ಹೇಳಿಕೊಡೆಕ್ಕು ಹೇಳಿ ಇಲ್ಲೆ. ಹಗಲು ಕೇಳದ್ದ ಶಬ್ದ ಎಲ್ಲ ಇರುಳು ಕೇಳ್ತು. ತೋಟಲ್ಲಿ ಒಂದು ಅಡಕ್ಕೆ ಸೋಗೆ ಬಿದ್ದರೆ ಆರೋ ಬೇಲಿ ಹಾರಿದ ಹಾಂಗೆ. ಪುಚ್ಚೆ ಅಟ್ಟಂದ ಕೆಳ ಹಾರಿರೆ ಎದೆ ಡಬಕ್ಕ ಹೇಳ್ತು. ಮನೆಲಿ ನಾಲ್ಕು ಜೆನ ಇಪ್ಪಗ ಅದೇ ಪುಚ್ಚೆ ಹಾರಿರೆ ಮಗ್ಗಿಲು ತಿರುಗಿ ಒರಗುತ್ತು ನಾವು.

ಈ ಹೆದರಿಕೆಗೂ ಒಂದು ಚರಿತ್ರೆ ಇದ್ದು. ಅರಮನೆಲಿ ಇಪ್ಪ ರಾಣಿಗೂ ಬಂದ ಹೆದರಿಕೆ ಇದು, ಪೇಟೆಲಿ ಇಪ್ಪ ನರ್ಸಮ್ಮಂಗೂ ಬಂದ ಹೆದರಿಕೆ ಇದು. ಆ ಎರಡು ಕತೆಗಳ ಎದುರೆದುರು ಮಡುಗಿ ನೋಡಿರೆ, ನಮ್ಮ ಹಳ್ಳಿ ಮನೆಗೊಕ್ಕೂ ಬೇಕಾದ ಒಂದು ಸಂಗತಿ ಸಿಕ್ಕುತ್ತು. ಇಂದು ಅದನ್ನೇ ಬರೆತ್ತೆ.

ಕಳ್ಳ ಇರುಳೇ ಬಕ್ಕು ಹೇಳುದು ನಿನ್ನೆ ಮೊನ್ನೆಯ ಮಾತಲ್ಲ. ಶೂದ್ರಕ ಬರದ 'ಮೃಚ್ಛಕಟಿಕ' ಹೇಳ್ತ ಸಂಸ್ಕೃತ ನಾಟಕಲ್ಲಿ ಶರ್ವಿಲಕ ಹೇಳ್ತ ಒಬ್ಬ ಕಳ್ಳ ಇದ್ದ. ಅವ ಚಾರುದತ್ತನ ಮನೆಯ ಗೋಡೆಗೆ ಇರುಳು ಕನ್ನ ಕೊರೆತ್ತ. ಒಟ್ಟೆ ಏವ ಆಕಾರಲ್ಲಿ ಇದ್ದರೆ ಚೆಂದ ಹೇಳಿ ಶಾಸ್ತ್ರದ ಲೆಕ್ಕಲ್ಲಿ ಆಲೋಚನೆ ಬೇರೆ ಮಾಡ್ತ. ಅಳತೆಯ ಹಗ್ಗ ತಪ್ಪಲೆ ಮರದತ್ತು ಹೇಳಿ ಹೆಗಲಿಲಿ ಇಪ್ಪ ಜೆನಿವಾರವನ್ನೇ ಹಿಡುದು ಅಳೆತ್ತ! ಮಣ್ಣಿನ ಗೋಡೆಯ ಕಾಲಲ್ಲಿ ಕಳ್ಳಂಗೆ ಬಾಗಿಲಿಂದಲೂ ಗೋಡೆಯೇ ಸುಲಾಬ ಆಗಿತ್ತು. ಹಾಂಗಾಗಿಯೇ ನಮ್ಮ ಭಾಷೆಲಿ ಮನೆ ಒಡವ ಕಳ್ಳಂಗೆ 'ಕನ್ನಗಳ್ಳ' ಹೇಳಿ ಹೆಸರು ಬಂದದು.

ಕಿಂಡಿ ಹೇಳುವಗ ಚಿತ್ರದುರ್ಗದ ಓಬವ್ವನ ನೆಂಪು ಮಾಡದ್ದೆ ಇಪ್ಪಲೆ ಎಡಿಯ. ಹೈದರಾಲಿಯ ಸೈನ್ಯ ಮದಕರಿ ನಾಯಕನ ಕೋಟೆಯ ಮುತ್ತಿಗೊಂಡಿದ್ದ ಕಾಲ, 1770ರ ದಶಕ. ಕಾವಲಿನ ಗೆಂಡ ಉಂಬಲೆ ಮನೆಗೆ ಬಂದಿತ್ತಿದ್ದ. ಅವಂಗೆ ಕುಡಿವಲೆ ನೀರು ತಪ್ಪಲೆ ಹೋಪಗ ಬಂಡೆಯ ಸಂದಿಂದ ಸೈನಿಕರು ನುರ್ಕಿಗೊಂಡು ಬಪ್ಪದು ಓಬವ್ವಂಗೆ ಕಂಡತ್ತು. ಕೈಗೆ ಸಿಕ್ಕಿದ್ದು ಒನಕೆ. ಒಬ್ಬೊಬ್ಬ ತಲೆ ಹೆರ ಹಾಕಿದ ಹಾಂಗೆ ಹೆಟ್ಟಿಗೊಂಡೇ ಹೋತು ಹೇಳುದು ಜೆನಂಗೊ ಹೇಳಿಗೊಂಡು ಬಂದ ಕತೆ. ಈಗ ನಮ್ಮ ಸರಕಾರ ನವೆಂಬರ್ 11ಕ್ಕೆ ಓಬವ್ವ ಜಯಂತಿ ಮಾಡ್ತು. ಆದರೆ ಎಲ್ಲೋರೂ ಓಬವ್ವ ಅಪ್ಪಲೆ ಎಡಿಗೋ? ಐವತ್ತು ಕಳುದ ಮೇಲೆ, ಮೊಳಪ್ಪು ಬೇನೆಲಿ, ಎನಗೆ ಒನಕೆ ನೆಗ್ಗುದೇ ಕಷ್ಟ.

ಸರಿ, ಈಗ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಗೆ ಹೋಪೊ. 775 ಕೋಣೆ ಇಪ್ಪ ಮನೆ. ಸುತ್ತ ಎತ್ತರದ ಗೋಡೆ, ಗೋಡೆಯ ಮೇಗೆ ಮುಳ್ಳು, ಗೇಟಿಲಿ ಸೈನಿಕರು, ಒಳ ಪೋಲೀಸು, ಅಲಾರಾಂ. ಇಷ್ಟೆಲ್ಲ ಇಪ್ಪ ಮನೆಗೆ 1982ನೇ ಇಸವಿ ಜುಲೈ 9, ಶುಕ್ರವಾರ ಉದಿಯಪ್ಪಗ ಏಳು ಗಂಟೆಯ ಹೊತ್ತಿಂಗೆ ಮೈಕೆಲ್ ಫೇಗನ್ ಹೇಳ್ತವ ಗೋಡೆ ಹತ್ತಿ ಒಳ ಹಾರಿದ. ಕೆಲಸ ಇಲ್ಲದ್ದ ಪೈಂಟರ್ ಜೆನ, ಮೂವತ್ತರ ಆಸುಪಾಸಿನ ಪ್ರಾಯ.

ಸುರುವಿಂಗೆ ಕೆಳಾಣ ಒಂದು ಕಿಟಿಕಿಂದ ಹೊಕ್ಕ. ಅದು ರಾಣಿಯ ಅಜ್ಜ ಐದನೇ ಜಾರ್ಜ್ ರಾಜ ಸೇರ್ಸಿದ ಅಂಚೆಚೀಟಿಗಳ ಮಡುಗಿದ ಕೋಣೆ. ಅಲ್ಲಿಂದ ಮುಂದಾಣ ಬಾಗಿಲಿಂಗೆ ಬೀಗ ಇತ್ತು. ಅಲಾರಾಂ ಎರಡು ಸರ್ತಿ ಬಡುದತ್ತು. ನೋಡಿಗೊಂಬ ಪೋಲೀಸು, 'ಇದು ಹಾಳಾಯಿದು, ಸುಮ್ಮನೆ ಬಡಿತ್ತು' ಹೇಳಿ ಗ್ರೇಶಿ ಬಂದು ಮಾಡಿದ. ಫೇಗನ್ ಬಂದ ದಾರಿಲೇ ಹೆರ ಹೋಗಿ, ನೀರಿನ ಪೈಪಿನ ಹಿಡುದು ಮೇಗೆ ಹತ್ತಿ, ಇನ್ನೊಂದು ಕಿಟಿಕಿಂದ ಒಳ ಬಂದ. ಅರಮನೆಯ ಓಣಿಗಳಲ್ಲಿ ತಿರುಗಿದ. ಒಂದು ಗಾಜಿನ ಆಷ್‌ಟ್ರೇ ಒಡದ, ಕೈ ಕೊಯ್ದತ್ತು. ನೆತ್ತರು ಸುರಿವ ಕೈಲಿ ಗಾಜಿನ ತುಂಡು ಹಿಡ್ಕೊಂಡು, ಬರಿಗಾಲಿಲಿ, ಏಳೂಕಾಲು ಗಂಟೆಗೆ ರಾಣಿ ಒರಗುವ ಕೋಣೆಯ ಬಾಗಿಲು ತೆಗದ.

ಪರದೆ ಎಳದ್ದಕ್ಕೆ ಎರಡನೇ ಎಲಿಜಬೆತ್ ರಾಣಿಗೆ ಎಚ್ಚರ ಆತು. ಅಂಬಗ ಅದಕ್ಕೆ 56 ವರ್ಷ, ಈಗ ಹೆಚ್ಚುಕಮ್ಮಿ ಎನ್ನದೇ ಪ್ರಾಯ. ಕೋಣೆಲಿ ಬೇರೆ ಆರೂ ಇಲ್ಲೆ. ಗಂಟೆಯ ಗುಬ್ಬಿ ಒತ್ತಿತ್ತು, ಆರೂ ಬಯಿಂದವಿಲ್ಲೆ. ಇರುಳು ಬಾಗಿಲಿನ ಹೆರ ಕೂಪ ಪೋಲೀಸು ಪಾಳಿ ಮುಗುದತ್ತು ಹೇಳಿ ಹೋಗಿ ಆಗಿತ್ತು. ಚಾಕರಿಯವ ನಾಯಿಗಳ ತಿರುಗುಸುಲೆ ಹೆರ ಹೋಗಿತ್ತಿದ್ದ. ಕೆಲಸದ ಕೂಸು ಹತ್ರಾಣ ಕೋಣೆಲಿ ಬಾಗಿಲು ಹಾಕಿ ಉಡುಗಿಗೊಂಡಿತ್ತು. ರಾಣಿ ಫೋನು ಮಾಡಿ ಪೋಲೀಸರ ಕಳುಸಿ ಹೇಳಿತ್ತು. ಐದಾರು ನಿಮಿಷ ಕಳುದತ್ತು, ಆರೂ ಇಲ್ಲೆ. ಪುನಃ ಫೋನು ಮಾಡಿತ್ತು. ಅಕೇರಿಗೆ ಆ ಕೆಲಸದ ಕೂಸೇ ಬಂದು ನೋಡಿ ಬೆಚ್ಚಿ ಬಿದ್ದತ್ತು. ಫೇಗನ್ನಂಗೆ ಸಿಗರೇಟು ಬೇಕಾಗಿತ್ತು. ಕೊಡ್ಸುತ್ತೆ ಹೇಳ್ತ ನೆವಲ್ಲಿ ಅವನ ಹತ್ರಾಣ ಸಣ್ಣ ಕೋಣೆಗೆ ದಾಂಟಿಸಿದವು. ಅಷ್ಟಪ್ಪಗ ನಾಯಿಗಳೊಟ್ಟಿಂಗೆ ಚಾಕರಿಯವ ಬಂದ, ಮತ್ತೆ ಪೋಲೀಸು ಎತ್ತಿದವು.

ರಾಣಿ ಅವನೊಟ್ಟಿಂಗೆ ಹತ್ತು ನಿಮಿಷ ಮಾತಾಡಿಗೊಂಡು ಕೂದಿತ್ತು ಹೇಳಿ ಪೇಪರುಗಳಲ್ಲಿ ಬಂತು. ಹಾಂಗೆಲ್ಲ ಎಂತದೂ ಇಲ್ಲೆ, ಕೂಡ್ಲೇ ಕೋಣೆಂದ ಹೆರ ಓಡಿತ್ತು ಹೇಳಿ ಮತ್ತೆ ಫೇಗನ್ನೇ ಹೇಳಿದ. ಗೃಹಮಂತ್ರಿ ವಿಲಿಯಂ ವೈಟ್‌ಲಾ ರಾಜೀನಾಮೆ ಕೊಡ್ಳೆ ಹೆರಟವು, ಅದರ ಒಪ್ಪಿದ್ದವಿಲ್ಲೆ. ಇನ್ನೊಂದು ತಮಾಷೆ ಕೇಳಿ: ಇನ್ನೊಬ್ಬರ ಜಾಗೆಗೆ ಕೇಳದ್ದೆ ಹೊಕ್ಕದು ಅಂಬಗ ಇಂಗ್ಲೆಂಡಿಲಿ ಬರೇ ಸಿವಿಲ್ ತಪ್ಪು. ಹಾಂಗಾಗಿ ರಾಣಿಯ ಕೋಣೆಗೆ ನುಗ್ಗಿದ್ದಕ್ಕೆ ಕೇಸೇ ಇಲ್ಲೆ! ಅದಕ್ಕೆ ಒಂದು ತಿಂಗಳು ಮದಲೂ ಒಂದರಿ ಅವ ಅರಮನೆಗೆ ಹೊಕ್ಕಿತ್ತಿದ್ದ. ಅಂದು ಅರ್ಧ ಕುಪ್ಪಿ ವೈನ್ ಕುಡುದ್ದದು ಕಳ್ಳತನ ಹೇಳಿ ಕೇಸು ಹಾಕಿದವು, ಜ್ಯೂರಿ ಅದರಿಂದಲೂ ಬಿಟ್ಟತ್ತು. ರಜ ಸಮಯ ಮನಸ್ಸಿನ ರೋಗದ ಆಸ್ಪತ್ರೆಲಿ ಮಡುಗಿ 1983ರ ಜನವರಿಲಿ ಬಿಟ್ಟವು. ಅರಮನೆಗೆ ಹೊಕ್ಕದೇ ಅಪರಾಧ ಹೇಳಿ ಆದ್ದು 2007ರಲ್ಲಿ.

ಅದೇ ಬ್ರಿಟಿಷರು ನವಗೆ ಹೇಳಿ ಮಾಡಿದ 1860ರ ಭಾರತೀಯ ದಂಡ ಸಂಹಿತೆಲಿ ಇರುಳಿನ ಹೆದರಿಕೆಗೆ ಜಾಗೆ ಇತ್ತಿದ್ದು. ಹೊತ್ತು ಕಂತಿದ ಮತ್ತೆ, ಹೊತ್ತು ಮೂಡುವ ಮದಲು ಮನೆ ಒಡದು ಹೊಕ್ಕರೆ ಅದು ಬೇರೆಯೇ ಲೆಕ್ಕ, ಶಿಕ್ಷೆ ಹೆಚ್ಚು. ಅಂಥ ಹೊತ್ತಿಲಿ ಮನೆಯವು ಆತ್ಮರಕ್ಷಣೆಗೆ ಹೆಟ್ಟಿ ಕಳ್ಳ ಸತ್ತರೂ ಕಾನೂನು ಮನೆಯವರ ಹೊಡೆಲಿ ನಿಂಗು ಹೇಳಿ 103ನೇ ಕಲಮು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಲಿ ಅದು 41ನೇ ಕಲಮು. ಆದರೆ ಒಂದು ಗಡಿ ಇದ್ದು: ಬೇಕಾದ್ದರಿಂದ ಹೆಚ್ಚು ಪೆಟ್ಟು ಕೊಡ್ಳಾಗ. ಓಡಿ ಹೋಪವನ ಬೆನ್ನಟ್ಟಿ ಹೆಟ್ಟಿ ಕೊಲ್ಲುದು ಆತ್ಮರಕ್ಷಣೆ ಆಗ. ಇದರ ಮನೆಯ ಗೆಂಡುಮಕ್ಕೊಗೂ ಹೇಳಿ ಮಡುಗೆಕ್ಕು.

ಅರಮನೆಲಿ ಗಂಟೆಗೆ ಆರೂ ಓ ಹೇಳಿದ್ದವಿಲ್ಲೆ ಹೇಳಿ ಓದುವಗ ಎನಗೆ ನೆಂಪಪ್ಪದು 'ಕೂ'. ಮದುವೆ ಆಗಿ ನಾಕು ವರ್ಷ ಆದಿಪ್ಪಗ ಒಂದು ಇರುಳು ಯಜಮಾನ್ರು ಆಟಕ್ಕೆ ಹೋಗಿತ್ತಿದ್ದವು, ಅತ್ತೆ ಮಗಳ ಮನೆಗೆ. ಮನೆಲಿ ಆನು, ಎರಡು ವರ್ಷದ ಮಗ. ಜಾಲಿಲಿ ಅಡಕ್ಕೆ ಒಣಗುಲೆ ಹಾಕಿತ್ತು. ಗಂಟೆ ಒಂದೂವರೆ ಅಪ್ಪಗ ನಾಯಿ ಎರಡು ಸರ್ತಿ ಕೊರಪ್ಪಿ ಮತ್ತೆ ಸುಮ್ಮನಾತು. ಹಿಂದಾಣ ಬಾಗಿಲಿನ ಆರೋ ಮೆಲ್ಲಂಗೆ ದೂಡಿ ನೋಡಿದ ಹಾಂಗಾತು. ಅಗುಳಿ ಕಿರ್ ಹೇಳಿತ್ತು. ಬಾಗಿಲಿನ ಅಡಿಲಿ ಟಾರ್ಚಿನ ಬೆಣಚ್ಚು ಕಂಡತ್ತು, ರಜ ಕಳುದು ಅದೇ ಬೆಣಚ್ಚು ಅಡಿಗೆಕೋಣೆಯ ಕಿಟಿಕಿಲಿ. ಎನ್ನ ನಾಲಗೆ ಒಣಗಿ ಅಂಟಿತ್ತು. ಅಂಬಗ ಎಂಗಳಲ್ಲಿ ಫೋನು ಇತ್ತಿಲ್ಲೆ. 'ಇದಾ, ಏಳಿ, ಕೋವಿ ಎಲ್ಲಿ ಮಡುಗಿದ್ದಿ?' ಹೇಳಿ ಇಲ್ಲದ್ದ ಯಜಮಾನ್ರ ದೊಡ್ಡಕ್ಕೆ ದಿನಿಗೇಳಿದೆ. ಮಗನ ಸೊಂಟಲ್ಲಿ ಹಿಡ್ಕೊಂಡು ಮಾಳಿಗೆಗೆ ಓಡಿ, ಕಿಟಿಕಿ ತೆಗದು, ತೋಟದ ಆಚಿಕರೆ ಮನೆಯ ಹೊಡೆಂಗೆ ಕೂ ಹಾಕಿದೆ.

ಕೂ ಹಾಕುದು ಹೇಳಿರೆ ಈಗಾಣ ಮಕ್ಕೊಗೆ ಗೊಂತಿರ. ತೋಟದ ಆಚಿಕರೆ ಈಚಿಕರೆ ಮನೆಗೊ, ನಡುಸರಿ ತೋಡು, ಗುಡ್ಡೆ. ಮಾತು ಎತ್ತ, 'ಕೂ...' ಹೇಳಿ ಎಳದರೆ ಎತ್ತುಗು. ಕೇಳಿದವು ಪುನಃ ಕೂ ಹಾಕಿ ಉತ್ತರ ಕೊಡೆಕ್ಕು, ಅದು ಲೆಕ್ಕ. ಎರಡು ಸರ್ತಿ ಹಾಕುವಗಳೂ ಉತ್ತರ ಇಲ್ಲೆ. ಮೂರನೇದಕ್ಕೆ ಆಚಿಕರೆ ಅಜ್ಜನ ದಪ್ಪ ಸ್ವರಲ್ಲಿ 'ಕೂ' ಕೇಳಿತ್ತು. ಅದರ ಹಿಂದಂದ ಗುಡ್ಡೆ ಮೇಗಾಣ ಮನೆಂದ ಇನ್ನೊಂದು. ತೋಡಿಲಿ ಆರೋ ಓಡಿದ ನೀರಿನ ಶಬ್ದ. ಅಜ್ಜ, ಅವರ ಇಬ್ರು ಮಕ್ಕೊ, ಸೂಟೆ ಹಿಡ್ಕೊಂಡು ಬಪ್ಪಗ ಜಾಲಿನ ಕರೆಲಿ ಅರ್ಧ ತುಂಬಿದ ಅಡಕ್ಕೆ ಗೋಣಿ ಮಾಂತ್ರ ಇತ್ತು. ಕಳ್ಳ ಆರು ಹೇಳಿ ಇಂದಿಂಗೂ ಗೊಂತಿಲ್ಲೆ. ಅಂದು ಅವು ಉದಿ ಆಪನ್ನಾರ ಎಂಗಳ ಜೆಗಿಲಿಲೇ ಕೂದವು.

ಇನ್ನು ಆ ನರ್ಸಮ್ಮನ ಕತೆ. ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್, 1922ರಲ್ಲಿ ಹುಟ್ಟಿದ್ದು. ಮನೆ ನ್ಯೂಯಾರ್ಕಿನ ಕ್ವೀನ್ಸ್ ಹೇಳ್ತ ಭಾಗಲ್ಲಿ. ಊರಿನ ಹೆಸರಿಲಿ ರಾಣಿ ಇದ್ದು, ಕಾವಲಿಂಗೆ ಸೈನಿಕರಿಲ್ಲೆ! ಗೆಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸದವ. ಇಬ್ರಿಂಗೂ ಹೊತ್ತುಗೊತ್ತು ಇಲ್ಲದ್ದ ಪಾಳಿಯ ಕೆಲಸ. ಸುಮಾರು ಇರುಳು ಅದೊಂದೇ ಮನೆಲಿ. ಆ ಭಾಗಲ್ಲಿ ಕಳ್ಳತನ, ದರೋಡೆ ಹೆಚ್ಚಿಗೊಂಡಿತ್ತು, ದಿನಿಗೇಳಿರೆ ಪೋಲೀಸು ಬಪ್ಪಲೂ ತಡವು. ಬಾಗಿಲು ಆರೋ ತಟ್ಟಿರೆ ತೆಗವಲೆ ಹೆದರಿಕೆ, ತೆಗೆಯದ್ರೆ ಆರು ಹೇಳಿ ಗೊಂತಾಗ.

ಅದು ಹೆದರಿ ಸುಮ್ಮನೆ ಕೂದಿದಿಲ್ಲೆ. ಗೆಂಡನೊಟ್ಟಿಂಗೆ ಸೇರಿ ಒಂದು ಏರ್ಪಾಡು ಮಾಡಿತ್ತು. ಬಾಗಿಲಿಲಿ ಮೇಗಂದ ಕೆಳಂಗೆ ನಾಲ್ಕು ಕಿಂಡಿ: ಉದ್ದದವಕ್ಕೂ ಆತು, ಮಕ್ಕೊಗೂ ಆತು. ಒಳಂದ ಮೇಗೆ ಕೆಳ ಜಾರುವ ಒಂದು ಕೆಮರಾ. ಅದರ ಚಿತ್ರ ಒರಗುವ ಕೋಣೆಯ ಟೀವಿಲಿ ಕಾಂಗು. ಹಾಸಿಗೆಂದಲೇ ಮಾತಾಡ್ಳೆ ಮೈಕು. ಗುರ್ತದವಾದರೆ ಒಂದು ಗುಬ್ಬಿ ಒತ್ತಿರೆ ಬಾಗಿಲು ತೆಗಗು, ಅಲ್ಲದ್ರೆ ಇನ್ನೊಂದು ಗುಬ್ಬಿ ಒತ್ತಿರೆ ಕಾವಲಿನವಕ್ಕೋ ಪೋಲೀಸಿಂಗೋ ಅಲಾರಾಂ ಎತ್ತುಗು. 1966ರ ಆಗಸ್ಟ್ 1ಕ್ಕೆ ಪೇಟೆಂಟಿಂಗೆ ಅರ್ಜಿ ಹಾಕಿದವು, 1969ರ ಡಿಸೆಂಬರ್ 2ಕ್ಕೆ ಸಿಕ್ಕಿತ್ತು. ನಂಬ್ರ 34,82,037. ಅರ್ಜಿಲಿ ಮದಲಾಣ ಹೆಸರು ಮೇರಿಯದ್ದು, ಮತ್ತೆ ಗೆಂಡನದ್ದು. ಈಗ ಮನೆಮನೆಲಿ ಕಾಂಬ ಸಿ.ಸಿ. ಕೆಮರಾ, ಮೊಬೈಲಿಲಿ ಮೋರೆ ತೋರ್ಸುವ ಕರೆಗಂಟೆ, ಇದರ ಎಲ್ಲ ಹಿರಿಯರ ಸಾಲಿಲಿ ಈ ನರ್ಸಮ್ಮ ಇದ್ದು. ಮೇರಿ 1999ರಲ್ಲಿ ತೀರಿಹೋತು.

ಎರಡು ಕತೆಯನ್ನೂ ಒಟ್ಟು ಮಾಡಿ ನೋಡಿ. ಅರಮನೆಲಿ ಅಲಾರಾಂ ಇತ್ತು, ಗಂಟೆ ಇತ್ತು, ಫೋನು ಇತ್ತು. ಒಂದೂ ಹಾಳಾಗಿತ್ತಿಲ್ಲೆ. ಆಚ ಹೊಡೆಲಿ ಓ ಹೇಳುವವು ಇಲ್ಲದ್ದದೇ ಕೊರತೆ. ಮೇರಿಗೆ ಇದು ಅಂದೇ ಗೊಂತಿತ್ತು ಕಾಣ್ತು. ಹಾಂಗಾಗಿಯೇ ಬರೇ ನೋಡುವ ಕೆಮರಾಕ್ಕೆ ನಿಲ್ಲುಸದ್ದೆ, ಇನ್ನೊಬ್ಬನ ದಿನಿಗೇಳುವ ಗುಬ್ಬಿಯನ್ನೂ ಮಡುಗಿತ್ತು.

ಈಗ ಎಂಗಳ ಮನೆಲಿಯೂ ನಾಲ್ಕು ಕೆಮರಾ ಇದ್ದು. ಮಗ ಬೆಂಗಳೂರಿಲಿ ಕೂದು ಜಾಲಿನ ನೋಡ್ತ. ನೋಡ್ಳೆ ಒಂದು ನಿಮಿಷ ಸಾಕು, ಬಪ್ಪಲೆ ಎಂಟು ಗಂಟೆ ಬೇಕು. ಆಚಿಕರೆ ಅಜ್ಜ ತೀರಿಹೋಗಿ ವರ್ಷ ಹತ್ತಾತು. ಮಕ್ಕೊ ಪೇಟೆಲಿ, ಮನೆಗೆ ಬೀಗ. ಗುಡ್ಡೆ ಮೇಗಾಣ ಮನೆಲಿ ಅತ್ತಿಗೆ ಒಂದೇ, ಕೆಮಿ ರಜ ಮಂದ. ನಮ್ಮ ಊರುಗಳಲ್ಲಿ ಈಗ ಹೀಂಗಿಪ್ಪ ಮನೆಗಳೇ ಹೆಚ್ಚು: ಎರಡು ಪ್ರಾಯದವು, ಇಲ್ಲದ್ರೆ ಒಂದೇ ಜೆನ.

ಹಾಂಗಾಗಿ ಎಂಗೊ ಐದು ಮನೆಯ ಹೆಮ್ಮಕ್ಕೊ ಸೇರಿ ರಜ ಏರ್ಪಾಡು ಮಾಡಿದ್ದೆಯೊ. ಇರುಳು ಒಂಬತ್ತು ಗಂಟೆಗೆ ಒಂದು ಮೆಸೇಜು, 'ಬಾಗಿಲು ಹಾಕಿ ಆತು' ಹೇಳಿ. ಬಾರದ್ರೆ ಹತ್ರಾಣ ಮನೆಯವು ಫೋನು ಮಾಡೆಕ್ಕು, ತೆಗೆಯದ್ರೆ ಹೋಗಿ ನೋಡೆಕ್ಕು. ಶಬ್ದ ಕೇಳಿರೆ ಬಾಗಿಲು ತೆಗವಲಾಗ, ಒಳಂದಲೇ ಹೆರಾಣ ಲೈಟು ಹಾಕೆಕ್ಕು, ಸ್ವರ ಎಬ್ಬುಸೆಕ್ಕು. ಕಳ್ಳಂಗೆ ಓಡ್ಳೆ ದಾರಿ ಬಿಡೆಕ್ಕು; ಸಿಕ್ಕಿಬಿದ್ದವ ಮೈಮೇಲೆ ಬಕ್ಕು. ಮದಲು ಹತ್ರಾಣ ಮನೆಗೆ ಫೋನು, ಮತ್ತೆ 112. ಗುಡ್ಡೆ ಮೇಗಾಣ ಅತ್ತಿಗೆಯ ಫೋನಿಲಿ ಐದು ಜೆನರ ನಂಬ್ರವನ್ನೂ ಒಂದೇ ಒತ್ತಿಲಿ ಹೋಪ ಹಾಂಗೆ ಮಗಳು ಮಾಡಿಕೊಟ್ಟಿದು. ನಾಕು ತಿಂಗಳಿಲಿ ಎರಡು ಸರ್ತಿ ಮೆಸೇಜು ತಪ್ಪಿತ್ತು. ಒಂದರಿ ಕರೆಂಟು ಇಲ್ಲದ್ದೆ, ಇನ್ನೊಂದರಿ ಅತ್ತಿಗೆ ಬಚ್ಚಲಿಲಿ ಜಾರಿ ಬಿದ್ದು. ಕಳ್ಳಂಗೆ ಹೇಳಿ ಮಾಡಿದ ಏರ್ಪಾಡು ಬಿದ್ದವರ ನೆಗ್ಗುಲೂ ಆತು.

ನಿಂಗಳ ಮನೆಂದ ಈಗ ಕೂ ಹಾಕಿರೆ ಓ ಹೇಳುವ ಮನೆ ಏವದು ಹೇಳಿ ಒಂದರಿ ಲೆಕ್ಕ ಹಾಕಿ ನೋಡಿ. ಲೆಕ್ಕಕ್ಕೆ ಒಂದೂ ಸಿಕ್ಕದ್ರೆ ನಾಳೆ ಹೊತ್ತೋಪಗ ಹತ್ರಾಣ ಮನೆಗೆ ಒಂದು ಚಾಯ ಕುಡಿವ ನೆವಲ್ಲಿ ಹೋಗಿ ಬನ್ನಿ. ಹೋಪಗ ಫೋನು ನಂಬ್ರ ಬರವಲೆ ಒಂದು ಪೆನ್ನು ಹಿಡ್ಕೊಂಬಲೆ ಮರೆಯೆಡಿ.