ಹದಿಹರೆಯದ ಮಕ್ಕಳೊಡನೆ ತಂದೆತಾಯಿಗಳ ಮಾತು

ಚನ್ನರಾಯನದುರ್ಗದ ಕೋಟೆಬೆಟ್ಟದ ಸುತ್ತಲಿನ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯಲ್ಲಿ ಹೆಣ್ಣುಮಗಳು ಮೈನೆರೆದಳೆಂದರೆ ಅದು ಮನೆಯೊಳಗಿನ ಗುಟ್ಟಾಗಿ ಉಳಿಯುತ್ತಿರಲಿಲ್ಲ; ಸೋದರಮಾವನು ಹಸಿಸೊಪ್ಪಿನ ಗುಡ್ಲು ಹಾಕಿ, ಮುತ್ತೈದೆಯರು ಆರತಿಯೆತ್ತಿ ಸೋಬಾನೆ ಹಾಡಿ, ಕೊಬ್ಬರಿ ಬೆಲ್ಲ ಚಿಗಳಿಗಳನ್ನು ತಿನ್ನಿಸಿ, ಊರಿಗೆ ಊರೇ ಅರಿಯುವಂತೆ ಒಸಗೆಯನ್ನು ನಡೆಸುತ್ತಿದ್ದರು. ಆ ಸಂಭ್ರಮದ ನಡುವೆ ಗುಡ್ಲಿನಲ್ಲಿ ಕುಳಿತ ಬಾಲೆಗೆ ತನ್ನ ದೇಹದಲ್ಲಿ ಏನಾಯಿತು, ಏಕಾಯಿತು ಎಂಬುದನ್ನು ಬಿಡಿಸಿ ಹೇಳುವವರು ವಿರಳ. ತಾಯಿಯಿಂದ ದೊರೆಯುತ್ತಿದ್ದುದು “ಇನ್ಮೇಲೆ ಗಂಡುಹುಡುಗ್ರ ಜೊತೆ ಆಡ್ಬ್ಯಾಡ” ಎಂಬ ನಿಷೇಧವಾಕ್ಯವೊಂದೇ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವಳನ್ನು ಹಟ್ಟಿಯಾಚೆಗಿರಿಸುವ ವಾಡಿಕೆ ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಗಂಡುಮಕ್ಕಳಿಗಾದರೋ ಒಸಗೆಯೂ ಇಲ್ಲ, ಆ ನಿಷೇಧವಾಕ್ಯವೂ ಇಲ್ಲ.

ಈ ಮೌನವನ್ನು ಮುರಿಯುವ ಯತ್ನ ನಮ್ಮಲ್ಲಿ ಹೊಸದಲ್ಲ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದು ಲೋಕಕ್ಕೆ ಮೇಲ್ಪಂಕ್ತಿಯಾಯಿತು. ಮುಂದೆ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ‘ವಧುವಿಗೆ ಕಿವಿಮಾತು’ ಮೊದಲಾದ ಗ್ರಂಥಗಳ ಮೂಲಕ ದಾಂಪತ್ಯದ ವಿಷಯವನ್ನು ನಿಸ್ಸಂಕೋಚವಾಗಿ, ತಿಳಿಗನ್ನಡದಲ್ಲಿ, ಮಧ್ಯಮವರ್ಗದ ಮನೆಗಳೊಳಕ್ಕೆ ತಂದರು, ಅದು ಸಾಹಸದ ಕಾರ್ಯವೇ ಸರಿ. ಆದರೆ ಈ ಹಿತವಚನಗಳೆಲ್ಲ ವಿವಾಹದ ಹೊಸ್ತಿಲಲ್ಲಿ ನಿಂತವರಿಗೆ ಮೀಸಲು. ಹದಿಮೂರರ ಮಕ್ಕಳಿಗೆ ಅವು ತಲಪಲಿಲ್ಲ.

ಆ ಮಕ್ಕಳಿಗೆ ತಿಳಿಹೇಳುವ ಹೊಣೆಯನ್ನು ಶಾಲೆಗೆ ವಹಿಸಲೆಂದು ಕೇಂದ್ರವು 2005ರಲ್ಲಿ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ತಂದಿತು; ಆದರೆ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಸಂಸ್ಕೃತಿಯ ಹೆಸರಿನಲ್ಲಿ ಅದನ್ನು ತಡೆದವು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಮ್ಮಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ’ ಕ್ಲಿನಿಕ್‌ಗಳು ನಡೆದುಬಂದಿವೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯನ್ನು ಒಂಬತ್ತನೆಯ ತರಗತಿಯಿಂದಲೇ ತಿಳಿಸಬೇಕೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2022ರಲ್ಲಿ ಸೂಚಿಸಿತು. ದೇಹದ ಅರಿವನ್ನೇ ಕೊಡದೆ ಶಿಕ್ಷೆಯ ಅರಿವನ್ನಷ್ಟೇ ಕೊಟ್ಟರೆ ಮಗುವಿಗೆ ಉಳಿಯುವುದು ಭಯವೊಂದೇ.

ಹಾಗಾದರೆ ಮನೆಯ ಮಾತಿಗೆ ಫಲವುಂಟೆ? 2016ರಲ್ಲಿ ಸಂಶೋಧಕಿ ಲಾರಾ ವಿಡ್‌ಮನ್ ಮತ್ತು ಸಂಗಡಿಗರು 52 ಅಧ್ಯಯನಗಳನ್ನು, ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಹರೆಯದವರ ವಿವರಗಳನ್ನು ಒಟ್ಟಿಗೆ ಪರಾಮರ್ಶಿಸಿ, ತಂದೆತಾಯಿಗಳೊಡನೆ ಲೈಂಗಿಕ ವಿಷಯವನ್ನು ಮಾತಾಡಿದ ಮಕ್ಕಳು ಕಾಂಡೋಮ್ ಮೊದಲಾದ ರಕ್ಷಣೋಪಾಯಗಳನ್ನು ಬಳಸುವುದು ತುಸು ಹೆಚ್ಚೆಂದು ಕಂಡರು. ಸಂಬಂಧವು ಅಲ್ಪ, ಆದರೂ ಸ್ಪಷ್ಟ. ತಾಯಿಯ ಮಾತಿನಲ್ಲಿ, ಹೆಣ್ಣುಮಕ್ಕಳಲ್ಲಿ ಅದು ಎದ್ದು ತೋರಿತು; ತಂದೆಯ ಮಾತಿನಲ್ಲಿ, ಗಂಡುಮಕ್ಕಳಲ್ಲಿ ತೀರ ಕ್ಷೀಣ. 2019ರಲ್ಲಿ ಅವರೇ ಪರಿಶೀಲಿಸಿದ, ಅಮೆರಿಕದ 31 ಪ್ರಯೋಗಗಳಲ್ಲಿ ಪೋಷಕರಿಗೆ ತರಬೇತಿ ಕೊಟ್ಟಾಗ ಮನೆಯ ಮಾತುಕತೆಯೂ ಮಕ್ಕಳ ಸುರಕ್ಷಿತ ನಡತೆಯೂ ವೃದ್ಧಿಸಿದವು; ಹದಿನಾಲ್ಕು ಮೀರದ ಮಕ್ಕಳಲ್ಲಿ ಫಲವು ಅಧಿಕ. ಲೈಂಗಿಕ ಸಂಪರ್ಕದ ಆರಂಭವು ಅದರಿಂದ ಮುಂದಕ್ಕೆ ಹೋಗಲಿಲ್ಲವೆಂಬುದನ್ನೂ ಹೇಳಲೇಬೇಕು. ನಮ್ಮ ಹಳ್ಳಿಗಳ ಸ್ಥಿತಿ ಬೇರೆಯೆಂಬುದು ದಿಟ. ಆದರೂ ಬಾಲ್ಯವಿವಾಹದ ಒತ್ತಡ ಮುಗಿಯದ ಈ ಸೀಮೆಯಲ್ಲಿ ಬಲ್ಲ ಮಗುವಿಗೂ ಅರಿಯದ ಮಗುವಿಗೂ ಇರುವ ಅಂತರ ಇನ್ನೂ ದೊಡ್ಡದೆಂದೇ ನನ್ನ ಮತ.

ಚನ್ನರಾಯನದುರ್ಗದ ತಂದೆಯಂದಿರಲ್ಲಿ ನನ್ನದೊಂದು ವಿಜ್ಞಾಪನೆ: ಮಗಳ ವಿಷಯವನ್ನು ತಾಯಿ ನೋಡಿಕೊಳ್ಳಲಿ ಎಂದು ಸರಿಯದಿರಿ, ಮಗನಿಗೆ ಮೀಸೆ ಚಿಗುರುವ ಮೊದಲೇ ಅವನೊಡನೆ ಕುಳಿತು ಮಾತಾಡಿರಿ, ಹೇಗೆ ಹೇಳುವುದೆಂದು ತೋಚದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ.